ತಣ್ಣೀರಿನ ಮೀನು ಮತ್ತು ಅದರ ಮೈಯ ಕೊಬ್ಬು

ಧನುರ್ಮಾಸದ ಬೆಳಗಿನಲ್ಲಿ ಮಲೆನಾಡಿನ ಇಲ್ಲವೆ ಮೈಸೂರು ಸೀಮೆಯ ಯಾವ ಮನೆಯಲ್ಲಿಯಾದರೂ ತೆಂಗಿನೆಣ್ಣೆಯ ಸೀಸೆಯನ್ನು ಎತ್ತಿ ನೋಡಿದರೆ, ಹಗಲಿನಲ್ಲಿ ನೀರಿನಂತೆ ಹರಿಯುತ್ತಿದ್ದ ಎಣ್ಣೆಯು ಬೆಳ್ಳಗೆ ಹೆಪ್ಪುಗಟ್ಟಿರುವುದು ಕಾಣುತ್ತದೆ. ಅದರ ಮಗ್ಗುಲಲ್ಲಿಯೇ ಇರುವ ಎಳ್ಳೆಣ್ಣೆಯಾದರೋ ಅದೇ ಚಳಿಯಲ್ಲಿ ತನ್ನ ಪಾಡಿಗೆ ತಾನು ತಿಳಿಯಾಗಿಯೇ ಇರುತ್ತದೆ. ಮಕ್ಕಳ ತಲೆಗೆ ಎಣ್ಣೆ ಹಚ್ಚಬೇಕಾದ ತಾಯಿಯು ಸೀಸೆಯನ್ನು ಎಳೆಬಿಸಿಲಿಗೋ ಒಲೆಯ ಬಳಿಗೋ ಇಟ್ಟು ತನ್ನ ಕೆಲಸವನ್ನು ಸಾಗಿಸಿಕೊಳ್ಳುತ್ತಾಳೆ. ಆದರೆ ಸೀಸೆಯೊಳಗಿನ ಎಣ್ಣೆಗೆ ಆದ ಗತಿಯೇ ಒಂದು ಪ್ರಾಣಿಯ ಮೈಯೊಳಗಿನ ಕೊಬ್ಬಿಗೂ ಆದರೆ ಆ ಪ್ರಾಣಿಯ ಪಾಡೇನು? ಒಲೆಯಿಲ್ಲದ ತಣ್ಣೀರಿನಲ್ಲಿ ಬಾಳುವ ಮೀನಿನ ಮುಂದೆ ಈ ಪ್ರಶ್ನೆಯು ಪ್ರತಿ ವರ್ಷದ ಚಳಿಗಾಲದಲ್ಲಿಯೂ ಬಂದು ನಿಲ್ಲುತ್ತದೆ. ಅದಕ್ಕೆ ಮೀನಿನ ದೇಹವು ಕೊಡುವ ಉತ್ತರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ತಿಳಿಯುವಂತೆ ವಿವರಿಸಬೇಕೆಂಬುದು ಈ ಲೇಖನದ ಉದ್ದೇಶ.

ಇಲ್ಲಿ ಮೊದಲು ಒಂದು ತಪ್ಪು ಭಾವನೆಯನ್ನು ದೂರಮಾಡಬೇಕಾಗಿದೆ. ತಣ್ಣಗಿನ ಕಡಲಿನ ಮೀನಿಗೆ ಕೊಬ್ಬು ಏತಕ್ಕೆ ಎಂದು ತರಗತಿಯಲ್ಲಿ ಕೇಳಿದರೆ, ಚಳಿ ತಾಗದಂತೆ ಹೊದೆಯುವ ಕಂಬಳಿಗಾಗಿ ಎಂಬ ಉತ್ತರವು ಒಡನೆಯೇ ಬರುತ್ತದೆ. ತಿಮಿಂಗಿಲದ ವಿಷಯದಲ್ಲಿ ಈ ಮಾತು ನಿಜ. ಉತ್ತರ ಧ್ರುವದ ಕಡೆಯ ಬೋಹೆಡ್ ತಿಮಿಂಗಿಲಕ್ಕೆ ತೊಗಲಿನ ಕೆಳಗೆ ಸುಮಾರು ಅರ್ಧ ಮೀಟರಿನವರೆಗೂ ದಪ್ಪವಾದ ಕೊಬ್ಬಿನ ಪದರವಿರುವುದುಂಟು. ಆದರೆ ತಿಮಿಂಗಿಲವು ಮೀನಲ್ಲ. ಅದು ನಮ್ಮಂತೆಯೇ ಬಿಸಿರಕ್ತದ ಪ್ರಾಣಿ, ಗಾಳಿಯನ್ನು ಉಸಿರಾಡಿ ಬದುಕುವಂಥದು. ಮೀನು ಉಸಿರಾಡುವುದು ಕಿವಿರುಗಳಿಂದ. ನೀರಿನಲ್ಲಿ ಆಮ್ಲಜನಕವು ಬಹು ಸ್ವಲ್ಪವೇ ಇರುವುದರಿಂದ ಅದು ಕಿವಿರುಗಳ ಮೇಲೆ ಎಡೆಬಿಡದೆ ನೀರನ್ನು ಹರಿಯಿಸುತ್ತಿರಬೇಕು. ಮೈಯ ರಕ್ತವೆಲ್ಲವೂ ಸರದಿಯಂತೆ ಅಲ್ಲಿಗೆ ಬಂದು, ಅತಿ ತೆಳ್ಳಗಿನ ತೊಗಲೊಂದರ ಅಂತರದಲ್ಲಿ ಆ ತಣ್ಣೀರಿನ ಪಕ್ಕದಲ್ಲಿ ಹಾದುಹೋಗುತ್ತದೆ. ಆಮ್ಲಜನಕವು ಒಳಗೆ ಬರುವುದಕ್ಕಿಂತ ವೇಗವಾಗಿ ಮೈಯ ಕಾವು ಹೊರಗೆ ಹೋಗಿಬಿಡುತ್ತದೆ. ಮನೆಯ ಬಾಗಿಲನ್ನು ಹಗಲೂ ರಾತ್ರಿಯೂ ತೆರೆದಿಟ್ಟು ಗೋಡೆಗೆ ಎಷ್ಟು ದಪ್ಪನಾಗಿ ಗಾರೆ ಬಳಿದರೂ ಚಳಿ ತಪ್ಪದಷ್ಟೆ. ಆದುದರಿಂದ ಸಾಮಾನ್ಯವಾಗಿ ನೀರಿಗೆ ಎಷ್ಟು ಶೈತ್ಯವೋ ಮೀನಿನ ಮೈಗೂ ಅಷ್ಟೇ ಶೈತ್ಯ. ಟ್ಯೂನಾ ಜಾತಿಯ ಮೀನುಗಳೂ, ಇಡೀ ಮೈಯನ್ನೇ ನೀರಿಗಿಂತ ಬೆಚ್ಚಗಿಟ್ಟುಕೊಳ್ಳುತ್ತದೆಂದು 2015ರಲ್ಲಿ ಗೊತ್ತಾದ ಓಪಾ ಎಂಬ ಮೀನೂ ಈ ನಿಯಮಕ್ಕೆ ಅಪವಾದಗಳು. ಓಪಾ ಮೀನಿನಲ್ಲಿ ಕೊಬ್ಬು ನಿಜವಾಗಿಯೂ ಕಂಬಳಿಯ ಕೆಲಸವನ್ನು ಮಾಡುತ್ತದೆ. ಅದೂ ಎಲ್ಲಿ ಎಂದರೆ ಆ ಬಾಗಿಲಿನಲ್ಲಿಯೇ, ಕಿವಿರುಗಳ ರಕ್ತನಾಳಗಳ ಸುತ್ತಲೂ.

ಕೊಬ್ಬು ಹೆಚ್ಚಾಗಿದ್ದ ಮಾತ್ರಕ್ಕೆ ಅದು ಚಳಿಗಾಗಿಯೇ ಎಂದು ಹೇಳುವಂತೆಯೂ ಇಲ್ಲ. ನಮ್ಮ ಕರಾವಳಿಯ ಬೂತಾಯಿ ಮೀನನ್ನು ನೋಡಿರಿ. ಕಾವಲಿಯ ಮೇಲೆ ತನ್ನ ಎಣ್ಣೆಯಲ್ಲಿಯೇ ತಾನು ಬೇಯುವಷ್ಟು ಕೊಬ್ಬು ಅದಕ್ಕೆ ಇರುತ್ತದೆ. ಆದರೂ ಅದು ಬಾಳುವುದು ಬೆಚ್ಚಗಿನ ಅರಬ್ಬೀ ಸಮುದ್ರದಲ್ಲಿ. ಅದರ ಕೊಬ್ಬು ಸುಗ್ಗಿಯ ಕಾಲದಲ್ಲಿ ಕೂಡಿಟ್ಟ ಕಣಜ. ಕಡಲಿನಲ್ಲಿ ಆಹಾರವು ಹೇರಳವಾಗಿದ್ದಾಗ ತಿಂದುದನ್ನು ಮೊಟ್ಟೆಯಿಡುವ ಕಾಲಕ್ಕೂ ಬರಗಾಲಕ್ಕೂ ಅದು ಹೀಗೆ ಉಳಿಸಿಟ್ಟುಕೊಳ್ಳುತ್ತದೆ.

ಹಾಗಾದರೆ ಚಳಿಗೆ ಒದಗುವ ಕೊಬ್ಬು ಯಾವುದು? ಅದು ಕಣ್ಣಿಗೆ ಕಾಣುವ ಕೊಬ್ಬಲ್ಲ. ಮೀನಿನ ಮೈಯಾಗಲಿ ನಮ್ಮ ಮೈಯಾಗಲಿ ಅಸಂಖ್ಯ ಜೀವಕೋಶಗಳಿಂದ ಆದುದು. ಒಂದೊಂದು ಕೋಶದ ಸುತ್ತಲೂ ಒಂದು ಪೊರೆಯುಂಟು. ಒಂದು ಮಿಲಿಮೀಟರನ್ನು ಎರಡು ಲಕ್ಷ ಪಾಲುಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಮಾತ್ರ ಅದರ ದಪ್ಪ. ಈ ಪೊರೆಯು ಮುಖ್ಯವಾಗಿ ಎರಡು ಸಾಲಿನ ಕೊಬ್ಬಿನ ಕಣಗಳಿಂದ ಕಟ್ಟಲ್ಪಟ್ಟಿದೆ. ಕಣಗಳ ತಲೆಗಳು ನೀರಿನ ಕಡೆಗೆ ಹೊರಗೂ, ಉದ್ದನೆಯ ಬಾಲಗಳು ಒಂದರ ಕಡೆಗೊಂದು ಒಳಗೂ ಮುಖಮಾಡಿಕೊಂಡಿರುತ್ತವೆ. ಈ ಪೊರೆಯನ್ನು ಕಲ್ಲಿನ ಗೋಡೆಯಂತೆ ಭಾವಿಸಬಾರದು. ಅದು ಎಣ್ಣೆಯ ತೆಳುಪದರದಂತೆ ಸದಾ ಚಲಿಸುತ್ತಿರುವ ವಸ್ತು. ಉಪ್ಪಿನ ಅಂಶಗಳನ್ನು ಒಳಕ್ಕೂ ಹೊರಕ್ಕೂ ಬಿಡತಕ್ಕ ಬಾಗಿಲುಗಳು, ಆಹಾರವನ್ನು ಸೆಳೆದುಕೊಳ್ಳತಕ್ಕ ಯಂತ್ರಗಳು, ನರದಿಂದ ನರಕ್ಕೆ ಸುದ್ದಿ ಮುಟ್ಟಿಸತಕ್ಕ ಏರ್ಪಾಡುಗಳು ಎಲ್ಲವೂ ಅದರಲ್ಲಿ ಮುಳುಗಿಕೊಂಡಿದ್ದು, ಅದು ಮೆತ್ತಗಿದ್ದರೆ ಮಾತ್ರ ತಮ್ಮ ಕೆಲಸವನ್ನು ಮಾಡುತ್ತವೆ. ಪೊರೆಯು ಚಳಿಗೆ ಬಿಗಿದುಕೊಂಡರೆ ಬಾಗಿಲುಗಳು ತುಕ್ಕುಹಿಡಿದಂತಾಗುವುವು. ನರಗಳು ಸುದ್ದಿಯನ್ನು ಸರಿಯಾಗಿ ಒಯ್ಯಲಾರವು. ಬೆಚ್ಚಗಿನ ನೀರಿನಲ್ಲಿದ್ದ ಮೀನನ್ನು ತಟ್ಟನೆ ತಣ್ಣೀರಿಗೆ ಹಾಕಿದರೆ ಅದು ತೋಲ ತಪ್ಪಿ ಪಕ್ಕಕ್ಕೆ ಹೊರಳಿಬಿಡುವುದಕ್ಕೆ ಇದು ಒಂದು ಮುಖ್ಯ ಕಾರಣವೆಂದು ಎಣಿಸಲಾಗಿದೆ.

ಈಗ ಎಣ್ಣೆಗಳ ಸ್ವಭಾವವನ್ನು ಸ್ವಲ್ಪ ವಿಚಾರಿಸೋಣ. ಕೊಬ್ಬಿನ ಬಾಲವೆಂದರೆ ಇಂಗಾಲದ ಪರಮಾಣುಗಳ ಒಂದು ಸರಪಣಿ. ಅದರ ಎರಡು ಮಗ್ಗುಲುಗಳಲ್ಲಿಯೂ ಜಲಜನಕದ ಪರಮಾಣುಗಳು ಹತ್ತಿಕೊಂಡಿರುತ್ತವೆ. ಹಿಡಿಯಬಹುದಾದಷ್ಟು ಜಲಜನಕವನ್ನೂ ಹಿಡಿದುಕೊಂಡಿರುವ ಸರಪಣಿಗೆ ಪರ್ಯಾಪ್ತವೆಂದು ಹೆಸರು. ಇದು ನೆಟ್ಟಗಿರುತ್ತದೆ. ಕೆಲವು ಸರಪಣಿಗಳಲ್ಲಿ ಒಂದೆರಡು ಕಡೆ ಜಲಜನಕವು ಕಡಮೆಯಾಗಿ, ಆ ಎಡೆಯಲ್ಲಿ ಇಂಗಾಲದ ಪರಮಾಣುಗಳು ಒಂದಕ್ಕೊಂದು ಜೋಡಿಕೊಂಡಿಯನ್ನು ಹಾಕಿಕೊಂಡಿರುತ್ತವೆ. ಇವು ಅಪರ್ಯಾಪ್ತ. ಮೀನಿನ ಕೊಬ್ಬಿನಲ್ಲಿ ಜೋಡಿಕೊಂಡಿಯಿರುವ ಕಡೆಯಲ್ಲಿ ಸರಪಣಿಯು ಮೊಣಕೈಯಂತೆ ಬಾಗುತ್ತದೆ. ಸೌದೆಯ ಹೊರೆಯನ್ನು ಕಟ್ಟಿದವರಿಗೆ ಇದರ ಫಲವನ್ನು ವಿವರಿಸಬೇಕಾಗಿಲ್ಲ. ನೆಟ್ಟಗಿರುವ ಕಡ್ಡಿಗಳು ಒತ್ತಾಗಿ ಕೂತು ಹೊರೆಯು ಬಿಗಿಯಾಗುತ್ತದೆ. ಸೊಟ್ಟ ಕೊಂಬೆಗಳು ನಡುನಡುವೆ ಸೇರಿದರೆ ಎಷ್ಟು ಎಳೆದು ಕಟ್ಟಿದರೂ ಹೊರೆಯು ಸಡಿಲವಾಗಿಯೇ ಉಳಿಯುತ್ತದೆ.

ಇದನ್ನು ಅಂಕಿಗಳಲ್ಲಿ ಹೇಳುವುದಾದರೆ, 18 ಇಂಗಾಲದ ಪರಮಾಣುಗಳುಳ್ಳ ಸ್ಟಿಯರಿಕ್ ಆಮ್ಲದಲ್ಲಿ ಜೋಡಿಕೊಂಡಿ ಒಂದೂ ಇಲ್ಲ; ಅದು ಕರಗಬೇಕಾದರೆ ಸುಮಾರು 69 ಡಿಗ್ರಿ ಸೆಂಟಿಗ್ರೇಡಿನ ಶಾಖವು ಬೇಕು. ಅಷ್ಟೇ ಉದ್ದದ ಓಲಿಯಿಕ್ ಆಮ್ಲದಲ್ಲಿ ಒಂದು ಜೋಡಿಕೊಂಡಿಯಿದೆ. ಅದು ಸುಮಾರು 13 ಡಿಗ್ರಿಯಲ್ಲಿಯೇ ಕರಗುತ್ತದೆ. ಎರಡು ಜೋಡಿಕೊಂಡಿಗಳಿರುವ ಲಿನೋಲಿಯಿಕ್ ಆಮ್ಲವು ಸೊನ್ನೆಗಿಂತ 5 ಡಿಗ್ರಿ ಕೆಳಗೂ ದ್ರವವಾಗಿರುತ್ತದೆ. ಒಂದೇ ಒಂದು ಬಾಗಿನಿಂದ ಐವತ್ತು ಡಿಗ್ರಿಗೂ ಹೆಚ್ಚಿನ ಅಂತರವುಂಟಾಗುವುದು ನಮಗೆ ಇಂದಿಗೂ ಆಶ್ಚರ್ಯವನ್ನೇ ತರುತ್ತದೆ. ಎಳ್ಳೆಣ್ಣೆಯಲ್ಲಿ ಈ ಕೊನೆಯ ಎರಡು ಆಮ್ಲಗಳೇ ಹೆಚ್ಚು. ತೆಂಗಿನೆಣ್ಣೆಯಾದರೋ ಬಹುಪಾಲು ಪರ್ಯಾಪ್ತವಾದುದು. ಅದರ ಸರಪಣಿಗಳು ಗಿಡ್ಡವಾಗಿರುವುದರಿಂದ ಮಾತ್ರವೇ ಅದು ಸುಮಾರು 24 ಡಿಗ್ರಿಯ ಮೇಲೆ ದ್ರವವಾಗಿರಬಲ್ಲದು.

ಪ್ರಾಣಿಗಳು ಚಳಿಗೆ ತಕ್ಕಂತೆ ಕೊಬ್ಬನ್ನು ಬದಲಾಯಿಸಿಕೊಳ್ಳುತ್ತವೆ ಎಂಬ ಸಂಗತಿಯು ಮೊದಮೊದಲು ಸ್ಪಷ್ಟವಾಗಿ ಕಂಡುಬಂದುದು ಮೀನಿನಲ್ಲಲ್ಲ, ಹಂದಿಯಲ್ಲಿ. ಡೆನ್ಮಾರ್ಕಿನ ಹೆನ್ರಿಕ್ಸ್ ಮತ್ತು ಹಾನ್ಸೆನ್ ಎಂಬ ವಿದ್ವಾಂಸರು 1901ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಒಂದು ಹಂದಿಯನ್ನು ಬೆಚ್ಚಗಿನ ಕೋಣೆಯಲ್ಲಿಯೂ ಒಂದನ್ನು ಕೊರೆಯುವ ಚಳಿಯಲ್ಲಿಯೂ ಇಟ್ಟು, ಮತ್ತೊಂದಕ್ಕೆ ಕುರಿಯ ತುಪ್ಪಟದ ಅಂಗಿಯನ್ನು ತೊಡಿಸಿ ಅದೇ ಚಳಿಯಲ್ಲಿ ಬಿಟ್ಟಿದ್ದರು. ಅಂಗಿಯಿಲ್ಲದೆ ಚಳಿಯಲ್ಲಿದ್ದ ಹಂದಿಯ ಬೆನ್ನಿನ ಹೊರಗೊಬ್ಬು ಮಿಕ್ಕವುಗಳದಕ್ಕಿಂತ ಮೃದುವಾಗಿತ್ತು. ಅಂಗಿ ತೊಟ್ಟ ಹಂದಿಯ ಚಿತ್ರವು ನಮ್ಮ ಚಿಕ್ಕ ತರಗತಿಯ ಹುಡುಗಿಯರಿಗೆ ನಗುವನ್ನು ತರಬಹುದು. ಆದರೆ ಇಷ್ಟು ಸರಳವಾಗಿಯೂ ಇಷ್ಟು ಜಾಣತನದಿಂದಲೂ ಹೂಡಿದ ಪರೀಕ್ಷೆಗಳು ಎಷ್ಟೋ ಇಲ್ಲ. ಉತ್ತರ ದೇಶಗಳ ಹಿಮಸಾರಂಗದ ಕಾಲುಗಳಲ್ಲಿಯೂ ಇದೇ ನ್ಯಾಯ ಕಾಣುತ್ತದೆ. ಅದರ ಮೈಯೊಳಗಿನ ಕೊಬ್ಬು ಗಟ್ಟಿ. ಹಿಮವನ್ನು ತುಳಿಯುವ ಗೊರಸಿನ ಬಳಿಯ ಮೂಳೆಗಳೊಳಗಿನ ಕೊಬ್ಬು ಎಣ್ಣೆಯಂತೆ ತೆಳು.

ಹಂದಿಗೂ ಸಾರಂಗಕ್ಕೂ ಮೈಯ ಹೊರಭಾಗಗಳಲ್ಲಿ ಮಾತ್ರ ಬೇಕಾಗುವ ಈ ಏರ್ಪಾಡು ಮೀನಿಗೆ ಮಿದುಳಿನಿಂದ ಬಾಲದ ತುದಿಯವರೆಗೂ ಬೇಕು. ಪೊರೆಯ ಮೆದುತನವನ್ನು ಶಾಖವು ಏರಿದರೂ ಇಳಿದರೂ ಒಂದೇ ಹದದಲ್ಲಿ ಕಾಯ್ದುಕೊಳ್ಳುವ ಈ ಶಕ್ತಿಗೆ ಮೈಕೆಲ್ ಸಿನೆನ್‌ಸ್ಕಿ ಎಂಬವರು 1974ರಲ್ಲಿ ಬ್ಯಾಕ್ಟೀರಿಯಗಳನ್ನು ಪರೀಕ್ಷಿಸಿ ಒಂದು ಹೆಸರನ್ನು ಕೊಟ್ಟರು. ಕನ್ನಡದಲ್ಲಿ ಅದನ್ನು ಸಮಸ್ನಿಗ್ಧತೆಯ ಹೊಂದಾಣಿಕೆ ಎನ್ನಬಹುದಾಗಿದೆ. ನಾಲ್ಕು ವರ್ಷಗಳ ತರುವಾಯ, 1978ರಲ್ಲಿ, ಕಾಸಿನ್ಸ್ ಮತ್ತು ಪ್ರಾಸರ್ ಎಂಬವರು ಉತ್ತರ ಧ್ರುವದ ಕಡಲಿನ ಸ್ಕಲ್ಪಿನ್ ಮೀನು, ಗಾಜಿನ ತೊಟ್ಟಿಗಳಲ್ಲಿ ಸಾಕುವ ಹೊಂಬಣ್ಣದ ಮೀನು, ಮರುಭೂಮಿಯ ಬಿಸಿನೀರಿನ ಒಂದು ಪುಟ್ಟ ಮೀನು, ಬಿಸಿರಕ್ತದ ಇಲಿ ಇವುಗಳ ಮಿದುಳಿನ ನರತುದಿಗಳ ಪೊರೆಗಳನ್ನು ಹೋಲಿಸಿ ನೋಡಿದರು. ಒಂದೇ ಶಾಖದಲ್ಲಿಟ್ಟು ಅಳೆದಾಗ ಧ್ರುವದ ಮೀನಿನ ಪೊರೆಯೇ ಎಲ್ಲಕ್ಕಿಂತ ಸಡಿಲ. ಇಲಿಯದು ಎಲ್ಲಕ್ಕಿಂತ ಬಿಗಿ. ಆದರೆ ಪ್ರತಿಯೊಂದನ್ನೂ ಅದು ಬಾಳುವ ಶಾಖದಲ್ಲಿಯೇ ಅಳೆದಾಗ ಅವುಗಳೊಳಗಿನ ಅಂತರವು ಬಹಳ ಮಟ್ಟಿಗೆ ಕುಗ್ಗಿತು. ಸೊನ್ನೆ ಡಿಗ್ರಿಯ ಮೀನಿನ ಮಿದುಳೂ 37 ಡಿಗ್ರಿಯ ಇಲಿಯ ಮಿದುಳೂ ಹೆಚ್ಚುಕಡಮೆ ಒಂದೇ ಹದದ ಪೊರೆಯೊಳಗೆ ಕೆಲಸಮಾಡುತ್ತವೆ ಎಂದಾಯಿತು.

ತಲತಲಾಂತರದಿಂದ ಚಳಿಯಲ್ಲಿಯೇ ಹುಟ್ಟಿಬೆಳೆದ ಜಾತಿಗಳ ಮಾತು ಹೀಗಾಯಿತು. ಒಂದೇ ಮೀನು ತನ್ನ ಜೀವಮಾನದಲ್ಲಿಯೇ ಬೇಸಗೆಯಿಂದ ಚಳಿಗಾಲಕ್ಕೆ ಹೇಗೆ ದಾಟುತ್ತದೆಂಬುದು ಇನ್ನೂ ಸ್ವಾರಸ್ಯವಾದ ವಿಷಯ. ಇದನ್ನು ತಿಳಿಯಲು ಸಾಮಾನ್ಯ ಗೆಂಡೆಯೇ ಒಳ್ಳೆಯ ಸಾಕ್ಷಿ. ಈ ಜಾತಿಯನ್ನು 1939ರಲ್ಲಿ ಸಿಂಹಳದಿಂದ ಉದಕಮಂಡಲಕ್ಕೆ ತಂದು ಸಾಕಿದರು. ಈಗ ಅದು ನಮ್ಮ ಕೆರೆಗಳಲ್ಲಿಯೂ ಬೆಳೆಯುತ್ತದೆ. ಯೂರೋಪಿನ ಕೊಳಗಳಲ್ಲಿ ಅದು ಬೇಸಗೆಯ ಬೆಚ್ಚಗಿನ ನೀರಿನಲ್ಲಿಯೂ ಇರಬಲ್ಲದು, ಮೇಲೆ ಮಂಜುಗಡ್ಡೆ ಕಟ್ಟಿದ ನೀರಿನ ತಳದಲ್ಲಿಯೂ ಚಳಿಗಾಲವನ್ನು ಕಳೆಯಬಲ್ಲದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಕಾಸಿನ್ಸ್ ಅವರೂ ಅವರ ಸಂಗಡಿಗರೂ ಗೆಂಡೆಗಳನ್ನು 30 ಡಿಗ್ರಿಯ ನೀರಿನಿಂದ 10 ಡಿಗ್ರಿಗೆ ಹಂತಹಂತವಾಗಿ ಇಳಿಸಿ, ಅವುಗಳ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಏನು ನಡೆಯುತ್ತದೆಂಬುದನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು.

ಅಲ್ಲಿ ಒಂದು ಕಿಣ್ವವುಂಟು. ಕಿಣ್ವವೆಂದರೆ ಹಾಲಿಗೆ ಹಾಕಿದ ಹೆಪ್ಪಿನ ಹಾಗೆ, ತಾನು ಸ್ವಲ್ಪವಾಗಿದ್ದು ಬಹಳವನ್ನು ಮಾರ್ಪಡಿಸತಕ್ಕ ದ್ರವ್ಯವೆಂದು ಸದ್ಯಕ್ಕೆ ತಿಳಿದುಕೊಳ್ಳಬಹುದು. ಈ ಕಿಣ್ವವು ನೆಟ್ಟಗಿರುವ ಸರಪಣಿಯಿಂದ ಜಲಜನಕದ ಎರಡು ಪರಮಾಣುಗಳನ್ನು ಕಿತ್ತು, ಆ ಜಾಗದಲ್ಲಿ ಜೋಡಿಕೊಂಡಿಯನ್ನು ಹಾಕಿ, ಅದನ್ನು ಬಾಗಿಸುತ್ತದೆ. ವನಸ್ಪತಿಯನ್ನು ಮಾಡುವ ಕಾರಖಾನೆಯಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧವಾದ ಕೆಲಸ. ಅಲ್ಲಿ ತೆಳುವಾದ ಎಣ್ಣೆಗೆ ಜಲಜನಕವನ್ನು ಸೇರಿಸಿ ತುಪ್ಪದಂತೆ ಗಟ್ಟಿಮಾಡುತ್ತಾರೆ. ಅದಕ್ಕೆ ಹೆಚ್ಚಿನ ಶಾಖವೂ ಒತ್ತಡವೂ ಲೋಹದ ಪುಡಿಯೂ ಬೇಕು. ಗೆಂಡೆಯು ತನ್ನ ಕೆಲಸವನ್ನು 10 ಡಿಗ್ರಿಯ ನೀರಿನಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಶೈತ್ಯವು ಸೋಕಿದಾಗ, ಮೊದಲೇ ತಯಾರಾಗಿ ಸುಮ್ಮನಿದ್ದ ಕಿಣ್ವವು ಎಚ್ಚರಗೊಳ್ಳುತ್ತದೆ. ಅದರ ಹಿಂದೆಯೇ, ಹೊಸ ಕಿಣ್ವವನ್ನು ಹೆಚ್ಚುಹೆಚ್ಚಾಗಿ ತಯಾರಿಸುವಂತೆ ಕೋಶದ ಒಳಗಿನಿಂದ ಅಪ್ಪಣೆ ಹೊರಡುತ್ತದೆ. ಇದಕ್ಕೆ ದಿನಗಳು ಹಿಡಿಯುತ್ತವೆ. ಮೀನಿಗೆ ಶೈತ್ಯಕ್ಕಿಂತ ಶೈತ್ಯದ ಅವಸರವೇ ಹೆಚ್ಚು ಅಪಾಯಕರವಾಗಿರುವುದು ಈ ಕಾರಣದಿಂದಲೇ. ತಿಂಗಳುಗಟ್ಟಲೆ ಮೆಲ್ಲಗೆ ಇಳಿಯುವ ಚಳಿಯನ್ನು ಸಹಿಸುವ ಮೀನು, ಒಂದು ಗಂಟೆಯಲ್ಲಿ ಅಷ್ಟೇ ಇಳಿದರೆ ಸತ್ತುಹೋಗಬಹುದು. ಮೀನಿನ ಮರಿಗಳನ್ನು ಕೊಳಕ್ಕೆ ಬಿಡುವವರು ಚೀಲವನ್ನು ಕೆಲವು ಹೊತ್ತು ಕೊಳದ ನೀರಿನಲ್ಲಿಯೇ ತೇಲಬಿಟ್ಟು ಅನಂತರ ಬಾಯಿ ಬಿಚ್ಚುವ ಪದ್ಧತಿಯು ಶಾಖದ ಇಂಥ ಹಠಾತ್ ಬದಲಾವಣೆಯನ್ನು ತಪ್ಪಿಸುವುದಕ್ಕಾಗಿಯೇ ಇದೆ.

ಹಾಗಾದರೆ ವರ್ಷವಿಡೀ ಪೊರೆಯನ್ನು ಸಡಿಲವಾಗಿಯೇ ಇಟ್ಟುಕೊಳ್ಳಬಾರದೇಕೆ ಎಂದು ಬುದ್ಧಿವಂತ ವಿದ್ಯಾರ್ಥಿನಿಯು ಕೇಳಬಹುದು. ಸಡಿಲವಾದ ಪೊರೆಯು ಬೇಸಗೆಯಲ್ಲಿ ಮಿತಿಮೀರಿ ತೆಳುವಾಗಿ ಸೋರತೊಡಗುತ್ತದೆ. ಒಳಗಿರಬೇಕಾದುದು ಹೊರಕ್ಕೂ ಹೊರಗಿರಬೇಕಾದುದು ಒಳಕ್ಕೂ ನುಸುಳುತ್ತವೆ. ಅಲ್ಲದೆ ಜೋಡಿಕೊಂಡಿಗಳ ಬಳಿ ಆಮ್ಲಜನಕವು ಸುಲಭವಾಗಿ ಹತ್ತಿಕೊಂಡು ಕೊಬ್ಬನ್ನು ಕೆಡಿಸುತ್ತದೆ. ಮೀನೆಣ್ಣೆಯು ತುಪ್ಪಕ್ಕಿಂತ ಬೇಗ ಕಮಟುವುದನ್ನು ಎಲ್ಲರೂ ಬಲ್ಲರು. ಆದುದರಿಂದ ನೀರು ಬೆಚ್ಚಗಾದಾಗ ಮೀನು ಮತ್ತೆ ನೆಟ್ಟನೆಯ ಸರಪಣಿಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಬಾಲಗಳಲ್ಲದೆ ಕೊಬ್ಬಿನ ಕಣದ ತಲೆಗಳನ್ನು ಬದಲಾಯಿಸುವ ಉಪಾಯವೂ ಅದಕ್ಕೆ ಉಂಟು. ಚಳಿಯಲ್ಲಿ ಚಿಕ್ಕ ತಲೆಯ ಕಣಗಳ ಪಾಲು ಹೆಚ್ಚುವುದನ್ನು ಟ್ರೌಟ್ ಮೀನುಗಳಲ್ಲಿ ಕಂಡಿದ್ದಾರೆ. ಮೆದುತನವೊಂದೇ ಮೀನಿನ ಗುರಿಯೋ, ಪೊರೆಯ ಬೇರೆ ಗುಣಗಳೂ ಅದರೊಡನೆ ಕಾಯಲ್ಪಡುತ್ತವೆಯೋ ಎಂಬ ಬಗ್ಗೆ ಶಾಸ್ತ್ರಜ್ಞರಲ್ಲಿ ಚರ್ಚೆ ನಡೆದಿದೆ. ಆ ಸೂಕ್ಷ್ಮವನ್ನು ಇಲ್ಲಿ ಬೆಳೆಸುವುದಿಲ್ಲ.

ಇನ್ನು ಭೂಮಿಯ ಮೇಲಿನ ಅತ್ಯಂತ ತಣ್ಣಗಿನ ಕಡಲಿಗೆ, ಎಂದರೆ ದಕ್ಷಿಣ ಧ್ರುವದ ಸುತ್ತಣ ಸಮುದ್ರಕ್ಕೆ ಹೋಗೋಣ. ಅಲ್ಲಿ ಕೆಲವು ಕಡೆ ನೀರು ವರ್ಷವೆಲ್ಲವೂ ಸೊನ್ನೆಗಿಂತ 1.9 ಡಿಗ್ರಿಯಷ್ಟು ಕೆಳಗಿರುತ್ತದೆ. ಉಪ್ಪಿನ ಬಲದಿಂದ ಮಾತ್ರ ಅದು ಹೆಪ್ಪುಗಟ್ಟಿಲ್ಲ. ಬೇರೆ ಕಡಲುಗಳ ಸಾಮಾನ್ಯ ಮೀನುಗಳ ರಕ್ತವು ಸೊನ್ನೆಗಿಂತ ಸುಮಾರು ಮುಕ್ಕಾಲು ಡಿಗ್ರಿ ಕೆಳಗೆಯೇ ಹೆಪ್ಪುಗಟ್ಟಬೇಕು. ಇಲ್ಲಿ ಕೊಬ್ಬಿಗೆ ಸಲ್ಲದ ಕೀರ್ತಿಯನ್ನು ಕೊಡಬಾರದು. ರಕ್ತವನ್ನು ಮಂಜಾಗದಂತೆ ಕಾಯುವುದು ಕೊಬ್ಬಲ್ಲ; 1969ರಲ್ಲಿ ಡಿವ್ರೀಸ್ ಮತ್ತು ವೋಲ್‌ಷ್ಲಾಗ್ ಎಂಬವರು ವಿವರಿಸಿದ, ಸಕ್ಕರೆ ಬೆರೆತ ಒಂದು ಬಗೆಯ ಪ್ರೋಟೀನು. ಅದು ಮಂಜಿನ ಹರಳುಗಳಿಗೆ ಅಂಟಿಕೊಂಡು ಅವು ಬೆಳೆಯದಂತೆ ತಡೆಯುತ್ತದೆ. ಕೊಬ್ಬಿಗೆ ಅಲ್ಲಿ ಬೇರೆ ಕೆಲಸಗಳುಂಟು. ಆ ಕಡಲಿನ ಬಹುತೇಕ ಮೀನುಗಳು ತಳದಲ್ಲಿ ಬಾಳುತ್ತಿದ್ದ ಪೂರ್ವಿಕರ ಸಂತತಿಯಾದುದರಿಂದ ಅವುಗಳಿಗೆ ತೇಲಲು ಬೇಕಾದ ಗಾಳಿಚೀಲವಿಲ್ಲ. ನಡುನೀರಿನಲ್ಲಿ ಬಾಳುವ ಬೆಳ್ಳಿಮೀನೊಂದು ತೊಗಲಿನ ಕೆಳಗೂ ಸ್ನಾಯುಗಳ ನಡುವೆಯೂ ಕೊಬ್ಬಿನ ಚೀಲಗಳನ್ನು ಇಟ್ಟುಕೊಂಡು ಆ ಕೊರತೆಯನ್ನು ತುಂಬಿಕೊಂಡಿದೆ. ಇದು 1978ರಲ್ಲಿ ಬೆಳಕಿಗೆ ಬಂತು. ಅಲ್ಲಿಯೇ ಬಾಳುವ ಹಿಮಮೀನುಗಳಿಗೆ ರಕ್ತದಲ್ಲಿ ಕೆಂಪೇ ಇಲ್ಲ. ನಾರ್ವೆಯ ಯೋಹಾನ್ ರೂಡ್ ಅವರು 1954ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದಾಗ ಪ್ರಾಣಿಶಾಸ್ತ್ರಜ್ಞರು ಬೆರಗಾದರು. ಆಮ್ಲಜನಕವು ನೀರಿಗಿಂತ ಕೊಬ್ಬಿನಲ್ಲಿ ಹಲವು ಪಟ್ಟು ಹೆಚ್ಚಾಗಿ ಕರಗುವುದರಿಂದ, ಈ ಮೀನುಗಳ ಸ್ನಾಯುಗಳಲ್ಲಿ ಒತ್ತೊತ್ತಾಗಿರುವ ಪೊರೆಗಳೇ ಅದು ಹರಿದುಹೋಗುವ ದಾರಿಯಾಗಿವೆ.

ಚಳಿಗೆ ಇಷ್ಟೊಂದು ಒಗ್ಗಿಕೊಂಡುದಕ್ಕೆ ಬೆಲೆಯನ್ನೂ ತೆರಬೇಕಾಗಿದೆ. ಆ ಕಡಲಿನ ಕೆಲವು ಮೀನುಗಳು ಸುಮಾರು 6 ಡಿಗ್ರಿಯ ನೀರಿನಲ್ಲಿ ಶಾಖವನ್ನು ತಾಳಲಾರದೆ ಸಾಯುವುದನ್ನು 1967ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ನಮ್ಮ ಮನೆಗಳ ಶೀತಪೆಟ್ಟಿಗೆಯೊಳಗಿನ ಗಾಳಿಯು ಹೆಚ್ಚುಕಡಮೆ ಅಷ್ಟೇ ಬೆಚ್ಚಗಿರುತ್ತದೆ ಎಂದರೆ ಈ ಪ್ರಾಣಿಗಳು ಎಷ್ಟು ಇಕ್ಕಟ್ಟಿನ ಎಲ್ಲೆಯೊಳಗೆ ಬಾಳುತ್ತಿವೆಯೆಂಬುದು ಗೊತ್ತಾಗುತ್ತದೆ.

ಕೊನೆಯದಾಗಿ, ತಾಯಂದಿರಿಗೆ ನೇರವಾಗಿ ಸಂಬಂಧಿಸಿದ ಮಾತೊಂದಿದೆ. ಮೀನಿನ ಪೊರೆಗಳಲ್ಲಿರುವ ಬಾಗುಸರಪಣಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಗುಗಳುಳ್ಳವುಗಳಲ್ಲೊಂದು 22 ಇಂಗಾಲಗಳೂ 6 ಜೋಡಿಕೊಂಡಿಗಳೂ ಇರುವ ಡೊಕೊಸಾಹೆಕ್ಸಾನೋಯಿಕ್ ಆಮ್ಲ. ಇದು ಸೊನ್ನೆಗಿಂತ 40 ಡಿಗ್ರಿ ಕೆಳಗೂ ದ್ರವವಾಗಿಯೇ ಇರುತ್ತದೆ. ಒಮೆಗಾ ಮೂರು ಎಂಬ ಹೆಸರಿನಿಂದ ಔಷಧದ ಅಂಗಡಿಗಳಲ್ಲಿ ಕೇಳಿಬರುವ ಗುಂಪಿಗೆ ಇದು ಸೇರಿದುದು. ಹಿಂದೆ ವಿದ್ಯಾರ್ಥಿನಿಲಯಗಳಲ್ಲಿ ಮಕ್ಕಳು ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದ ಕಾಡ್ ಮೀನಿನೆಣ್ಣೆಯಲ್ಲಿಯೂ ಇದು ಇತ್ತು. ಆ ಎಣ್ಣೆಯು ಚಳಿಯಲ್ಲಿಯೂ ತಿಳಿಯಾಗಿರುವುದು ಮುಖ್ಯವಾಗಿ ಇಂಥ ಸರಪಣಿಗಳ ಗುಣದಿಂದಲೇ. ಉಳಿದ ಸ್ವಲ್ಪ ಗಟ್ಟಿ ಭಾಗವನ್ನು ತಯಾರಕರು ತಣ್ಣಗಿಟ್ಟು ಸೋಸಿ ತೆಗೆಯುತ್ತಾರೆ. ಮೀನು ಒಂದು ಬಾಗನ್ನು ತಾನೇ ಹಾಕಿಕೊಳ್ಳಬಲ್ಲದಾದರೂ ಈ ಗುಂಪಿನ ಸರಪಣಿಗಳನ್ನು ಮೊದಲಿನಿಂದ ಕಟ್ಟಲಾರದು. ಅವುಗಳನ್ನು ಕಟ್ಟುವವು ಕಡಲಿನಲ್ಲಿ ತೇಲುವ, ಕಣ್ಣಿಗೆ ಕಾಣದ ಪಾಚಿಗಳು. ಪಾಚಿಯನ್ನು ಸಣ್ಣ ಸಿಗಡಿಯಂಥ ಜೀವಿಗಳೂ ಅವುಗಳನ್ನು ಮೀನುಗಳೂ ತಿಂದು, ಹೀಗೆ ಅದು ಮೇಲೇರುತ್ತಾ ಬರುತ್ತದೆ. ನಮ್ಮ ಬೂತಾಯಿಯ ಎಣ್ಣೆಯಲ್ಲಿಯೂ ಈ ಗುಂಪಿನ ಕೊಬ್ಬುಗಳು ಯಥೇಚ್ಛವಾಗಿರುವುದು ಅದು ತಿಂದ ಪಾಚಿಯ ಫಲ.

ಮನುಷ್ಯನ ಮಿದುಳಿನಲ್ಲಿಯೂ ಕಣ್ಣಿನ ಒಳಪರದೆಯಲ್ಲಿಯೂ ಇದೇ ಆಮ್ಲವು ಹೇರಳವಾಗಿದೆ. ಗರ್ಭದ ಕೊನೆಯ ತಿಂಗಳುಗಳಲ್ಲಿಯೂ ಹುಟ್ಟಿದ ಮೇಲಿನ ಮೊದಲ ಎರಡು ವರ್ಷಗಳಲ್ಲಿಯೂ ಅದು ಮಗುವಿನ ಮಿದುಳಿಗೆ ವಿಶೇಷವಾಗಿ ಸೇರುತ್ತದೆ. ಉತ್ತರ ಕರ್ನಾಟಕದ ಅಗಸೆಯ ಚಟ್ನಿಪುಡಿಯಲ್ಲಿರುವ ಮೂರು ಬಾಗಿನ ಕೊಬ್ಬಿನಿಂದಲೂ ನಮ್ಮ ದೇಹವು ಅದನ್ನು ಮಾಡಿಕೊಳ್ಳಬಲ್ಲದು, ಆದರೆ ಬಹು ಸ್ವಲ್ಪವಾಗಿ. ಮೀನನ್ನು ತಿನ್ನದ ಮನೆಗಳವರು ಈ ಸಂಗತಿಯನ್ನು ವೈದ್ಯರೊಡನೆ ವಿಚಾರಿಸುವುದು ಒಳ್ಳೆಯದು. ಪಾಚಿಯು ಸಹ ತಣ್ಣೀರಿನಲ್ಲಿ ತನ್ನ ಪೊರೆಯನ್ನು ಮೆತ್ತಗಿಡಲು ಈ ಬಾಗುಸರಪಣಿಗಳನ್ನು ಹೆಚ್ಚಾಗಿ ಕಟ್ಟುತ್ತದೆ. ನೀರು ಬೆಚ್ಚಗಾದಂತೆ ಕಡಮೆ ಮಾಡುತ್ತದೆ. ಸಮುದ್ರಗಳು ಹೀಗೆಯೇ ಕಾಯುತ್ತಾ ಹೋದರೆ ಪಾಚಿಗಳಲ್ಲಿ ಈ ಕೊಬ್ಬಿನ ಉತ್ಪತ್ತಿಯು ಲೋಕದಾದ್ಯಂತ ಇಳಿಯುವುದೆಂದು 2016ರಲ್ಲಿ ಹಿಕ್ಸನ್ ಮತ್ತು ಆರ್ಟ್ಸ್ ಎಂಬ ಶಾಸ್ತ್ರಜ್ಞರು ಲೆಕ್ಕಹಾಕಿ ಪ್ರಕಟಿಸಿದ್ದಾರೆ. ಆ ಇಳಿತವು ಮೊದಲು ತಟ್ಟುವುದು ಪಾಚಿಯನ್ನು ತಿನ್ನುವ ಸಣ್ಣ ಜೀವಿಗಳಿಗೆ, ಅನಂತರ ಮೀನುಗಳಿಗೆ, ಅವುಗಳ ಮೂಲಕ ಗರ್ಭಿಣಿಯರ ಮತ್ತು ಮೊಲೆಯುಣ್ಣುವ ಕೂಸುಗಳ ಆಹಾರಕ್ಕೆ.